ಹಗುರ ಟ್ರೇಲ್ ಶೂ ಆರಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸಕಲೇಶಪುರದ ಕಾಫಿ ತೋಟಗಳ ನಡುವಿನ ದಾರಿಗಳಲ್ಲಿ ಭಾನುವಾರ ಬೆಳಿಗ್ಗೆ ಓಡುವ ಸಣ್ಣ ಗುಂಪು ನಮ್ಮದು. ಬೆಂಗಳೂರು, ಹಾಸನ, ಮಂಗಳೂರಿನಿಂದಲೂ ಬಂದು ಸೇರಿಕೊಳ್ಳುವವರಿದ್ದಾರೆ. ಬರುವ ಮೊದಲು ಬಹುತೇಕ ಎಲ್ಲರೂ ಕೇಳುವುದು ಟ್ರೇಲ್ ಶೂ, ಅಂದರೆ ಕಾಡುದಾರಿಯ ಓಟಕ್ಕೆಂದೇ ಮಾಡಿದ ಶೂ ಬಗ್ಗೆ. ಒಂದೇ ಉತ್ತರವನ್ನು ಫೋನಿನಲ್ಲಿ ಹತ್ತಾರು ಸಲ ಹೇಳಿದ ಮೇಲೆ ಎಲ್ಲವನ್ನೂ ಒಂದೆಡೆ ಬರೆದಿಡೋಣ ಎನಿಸಿತು. ಬರೆಯುವಾಗ ಕಣ್ಣ ಮುಂದೆ ಇರುವುದು ನಮ್ಮ ನೆಲವೇ: ಮಲೆನಾಡಿನ ಕೆಸರು, ಘಟ್ಟದ ಹುಲ್ಲುಗುಡ್ಡ, ರಾಮನಗರದ ಬಂಡೆ, ಬಯಲುಸೀಮೆಯ ಎರೆಮಣ್ಣು. ಆಲ್ಪ್ಸ್ ಪರ್ವತಕ್ಕೆಂದು ಬರೆದ ಸಲಹೆಗಳು ಜುಲೈ ತಿಂಗಳ ಮಲೆನಾಡಿಗೆ ಅರ್ಧಂಬರ್ಧ ಮಾತ್ರ ಹೊಂದುತ್ತವೆ.

ರಸ್ತೆಯಲ್ಲಿ ಓಡುವ ಶೂ ಇದೆ. ಅದರಲ್ಲೇ ಕಾಡುದಾರಿಯಲ್ಲಿ ಓಡಬಾರದೇ?

ಡಿಸೆಂಬರಿನಿಂದ ಮಾರ್ಚ್‌ವರೆಗೆ, ಜೀಪು ಓಡಾಡುವ ತೋಟದ ದಾರಿಯಲ್ಲಾದರೆ ಧಾರಾಳವಾಗಿ ಓಡಿ. ಮೊದಲ ನಾಲ್ಕೈದು ಓಟಕ್ಕೆ ಹೊಸ ಶೂ ಕೊಳ್ಳಲೇಬೇಡಿ ಎಂದು ನಾನೇ ಹೇಳುತ್ತೇನೆ. ಕಾಡುದಾರಿ ನಿಮಗೆ ಹಿಡಿಸುತ್ತದೆಯೋ ಇಲ್ಲವೋ ಎನ್ನುವುದು ಮೊದಲು ಗೊತ್ತಾಗಲಿ.

ರಸ್ತೆ ಶೂ ಕೈಕೊಡುವುದು ಇಳಿಜಾರಿನಲ್ಲಿ. ಒದ್ದೆ ಎಲೆ ಹಾಸಿದ ದಾರಿಯಲ್ಲಿ ಇಳಿಯುವಾಗ ನುಣುಪಾದ ಅಟ್ಟೆಗೆ ನೆಲ ಕಚ್ಚಲು ಏನೂ ಸಿಗುವುದಿಲ್ಲ. ಟ್ರೇಲ್ ಶೂವಿನ ಅಟ್ಟೆಗೆ ಹಲ್ಲುಗಳಿರುತ್ತವೆ. ಬೆರಳುಗಳ ಮುಂದೆ ಕಲ್ಲು ಬಡಿಯದಂತೆ ರಬ್ಬರಿನ ಪಟ್ಟಿ ಇರುತ್ತದೆ. ಮೇಲಿನ ಬಟ್ಟೆ ಕಡ್ಡಿ, ಮುಳ್ಳಿಗೆ ಸುಲಭಕ್ಕೆ ಹರಿಯದಷ್ಟು ಬಿಗಿಯಾಗಿ ನೇಯ್ದದ್ದಾಗಿರುತ್ತದೆ. ಈ ಮೂರರ ಅಗತ್ಯ ಕಂಡ ದಿನ ಅಂಗಡಿಗೆ ಹೋದರೆ ಸಾಕು.

ಹಗುರ ಎಂದರೆ ಎಷ್ಟು ಗ್ರಾಂ?

ಗಂಡಸರ 8 ಅಥವಾ 9ನೇ ಅಳತೆಯಲ್ಲಿ ಒಂದು ಶೂ 260 ಗ್ರಾಂಗಿಂತ ಕಡಿಮೆ ಇದ್ದರೆ ಅದನ್ನು ಹಗುರ ಎನ್ನಬಹುದು. 200 ಗ್ರಾಂ ಆಸುಪಾಸಿನವು ಸ್ಪರ್ಧೆಗೆಂದೇ ಮಾಡಿದವು. 300 ದಾಟಿದರೆ ಹಗುರದ ಲೆಕ್ಕಕ್ಕೆ ಬರುವುದಿಲ್ಲ. ಕಂಪನಿಗಳು ಹೇಳುವ ತೂಕ ಒಂದು ಶೂವಿನದು, ಅದೂ ಒಂದು ಗೊತ್ತಾದ ಅಳತೆಯದು. ನಿಮ್ಮದು 11ನೇ ಅಳತೆಯಾದರೆ ಇಪ್ಪತ್ತು, ಮೂವತ್ತು ಗ್ರಾಂ ಸೇರಿಸಿಕೊಳ್ಳಿ.

ಐವತ್ತು ಗ್ರಾಂ ಹೆಚ್ಚುಕಡಿಮೆಯಾದರೆ ನಿಜವಾಗಿಯೂ ತಿಳಿಯುತ್ತದೆಯೇ?

ಕೈಯಲ್ಲಿ ಹಿಡಿದರೆ ತಿಳಿಯುವುದು ಕಷ್ಟ. ಕಾಲಿಗೆ ಮಾತ್ರ ಖಂಡಿತ ತಿಳಿಯುತ್ತದೆ. ಪ್ರತಿ ಶೂಗೆ 100 ಗ್ರಾಂ ಹೆಚ್ಚಾದರೆ ಓಡಲು ಬೇಕಾಗುವ ಶಕ್ತಿ ಸುಮಾರು ಶೇ. 1ರಷ್ಟು ಹೆಚ್ಚುತ್ತದೆ. ಇದನ್ನು ಪ್ರಯೋಗಾಲಯಗಳಲ್ಲಿ ಹಲವು ಸಲ ಅಳೆದು ನೋಡಿದ್ದಾರೆ. ಬೆನ್ನ ಮೇಲಿನ ನೂರು ಗ್ರಾಂ ಇಷ್ಟು ಕಾಡುವುದಿಲ್ಲ. ಶೂ ಇರುವುದು ಕಾಲಿನ ತುದಿಯಲ್ಲಿ. ಪ್ರತಿ ಹೆಜ್ಜೆಗೂ ಅದನ್ನು ಎತ್ತಿ, ಮುಂದಕ್ಕೆ ಬೀಸಿ, ಮತ್ತೆ ತಡೆದು ನಿಲ್ಲಿಸಬೇಕು.

ನಾನು ಇದನ್ನು ತೋಟದ ಲೆಕ್ಕದಲ್ಲಿ ಹೇಳುವುದು ರೂಢಿ. ಹತ್ತು ಕಿಲೋಮೀಟರ್ ಕಾಡುದಾರಿಯನ್ನು ನಿಧಾನವಾಗಿ ಓಡಿದರೆ ಒಂದೊಂದು ಕಾಲೂ ಸುಮಾರು ಆರು ಸಾವಿರ ಸಲ ಮೇಲೇಳುತ್ತದೆ. ಐವತ್ತು ಗ್ರಾಂ ಅನ್ನು ಆರು ಸಾವಿರ ಸಲ ಎತ್ತಿದರೆ ಮುನ್ನೂರು ಕಿಲೋ. ಐವತ್ತು ಕಿಲೋದ ಆರು ಮೂಟೆ ಕಾಫಿ, ಒಂದೇ ಕಾಲಿಗೆ! ಏರಿನ ಕೊನೆಯಲ್ಲಿ ತೊಡೆ ಯಾಕೆ ನಡುಗುತ್ತದೆ ಎನ್ನುವುದಕ್ಕೆ ಬೇರೆ ವಿವರಣೆ ಬೇಡ.

ಹಾಗಾದರೆ ಸಿಗುವುದರಲ್ಲೇ ಅತಿ ಹಗುರವಾದದ್ದನ್ನು ಕೊಂಡುಬಿಡಲೇ?

ಬೇಡ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನು ಓದಿ.

ಪೆಟ್ಟಿಗೆಯ ಮೇಲಿನ ತೂಕ ಒಣಗಿದ ಶೂವಿನದು. ನಮ್ಮಲ್ಲಿ ಶೂ ಒಣಗಿರುವುದು ಮೊದಲ ಹಳ್ಳ ಸಿಗುವವರೆಗೆ ಮಾತ್ರ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮನೆಯ ಗೇಟು ದಾಟುವವರೆಗೆ. ಎರಡು ವರ್ಷದ ಹಿಂದೆ ನನ್ನ ಬಳಿ ಇದ್ದ ಎರಡು ಜೊತೆ ಶೂಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿದೆ. ಒಂದರ ಮೈ ತೆಳುವಾದ ಜಾಲರಿ ಬಟ್ಟೆಯದು, ಹಿಮ್ಮಡಿಯ ಸುತ್ತ ಮೆತ್ತೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಇನ್ನೊಂದಕ್ಕೆ ಹಿಮ್ಮಡಿ, ನಾಲಗೆ ಎರಡಕ್ಕೂ ದಪ್ಪ ಸ್ಪಂಜು. ಒಣಗಿದ್ದಾಗ ಮೊದಲನೆಯದು 246 ಗ್ರಾಂ, ಎರಡನೆಯದು 262. ಹದಿನಾರೇ ಗ್ರಾಂ ಅಂತರ. ಎರಡನ್ನೂ ಬಕೆಟ್ ನೀರಿನಲ್ಲಿ ಒಂದು ನಿಮಿಷ ಮುಳುಗಿಸಿ ಎತ್ತಿದೆ. ಎಡಗಾಲಿಗೆ ಒಂದು, ಬಲಗಾಲಿಗೆ ಇನ್ನೊಂದು ಹಾಕಿಕೊಂಡು ಕಾಫಿ ಒಣಗಿಸುವ ಕಣದಲ್ಲಿ ಹತ್ತು ನಿಮಿಷ ಓಡಿದೆ. ಎಡಗಾಲಿನ ಗುರುತು ಮೂರನೆಯ ಸುತ್ತಿಗೆ ಮಸುಕಾಯಿತು. ಬಲಗಾಲಿನದು ಕೊನೆಯವರೆಗೂ ನೀರು ಒಸರುತ್ತ ಕಪ್ಪಗೆ ಮೂಡುತ್ತಿತ್ತು. ಮತ್ತೆ ತೂಗಿದಾಗ ಮೊದಲನೆಯದು 318, ಎರಡನೆಯದು 396.

ಅಂಗಡಿಯಲ್ಲಿ ಹದಿನಾರು ಗ್ರಾಂ ಇದ್ದ ಅಂತರ ನೀರು ಕುಡಿದ ಮೇಲೆ 78 ಗ್ರಾಂ ಆಯಿತು. ಅಂದಿನಿಂದ ನಾನು ಶೂ ನೋಡುವ ರೀತಿಯೇ ಬದಲಾಗಿದೆ. ಪೆಟ್ಟಿಗೆಯ ಮೇಲಿನ ಅಂಕಿಗಿಂತ ಮೊದಲು ನೋಡುವುದು ಸ್ಪಂಜು ಎಷ್ಟಿದೆ ಎಂದು. ಹಿಮ್ಮಡಿಯ ಕಾಲರನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಸುಕಿ ನೋಡಿ. ಬೆರಳುಗಳು ಬಹುಮಟ್ಟಿಗೆ ಒಂದನ್ನೊಂದು ಮುಟ್ಟುವಂತಿದ್ದರೆ ನೀರು ಹಿಡಿದಿಡಲು ಅಲ್ಲಿ ಜಾಗವಿಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ಪಕ್ಕದಲ್ಲಿ ಬೆಳಕು ತೂರಿ ಬಂದರೆ ನೀರು ಅದೇ ದಾರಿಯಲ್ಲಿ ಹೊರಗೆ ಹೋಗುತ್ತದೆ.

ಇನ್ನೊಂದು ಮಾತು. ತೂಕ ಇಳಿಸಲು ಕಂಪನಿಗಳು ಏನನ್ನಾದರೂ ತೆಗೆಯಲೇಬೇಕು. ಅಟ್ಟೆಯ ರಬ್ಬರ್ ತೆಳುವಾಗುತ್ತದೆ, ಬೆರಳ ಮುಂದಿನ ಪಟ್ಟಿ ಕಿರಿದಾಗುತ್ತದೆ, ಹಿಮ್ಮಡಿ ಹಿಡಿಯುವ ಗಟ್ಟಿ ಭಾಗ ಮೆತ್ತಗಾಗುತ್ತದೆ. 200 ಗ್ರಾಂ ಶೂವಿನಲ್ಲಿ ನುರಿತವರು ಐವತ್ತು ಕಿಲೋಮೀಟರ್ ಓಡುತ್ತಾರೆ. ಹೊಸಬರಿಗೆ ಅದೇ ಶೂವಿನಲ್ಲಿ ಹತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಅಂಗಾಲು ಉರಿಯುತ್ತದೆ. ಮೊದಲ ಜೊತೆಗೆ 240ರಿಂದ 280 ಗ್ರಾಂ ನಡುವಿನದು ಸಾಕು ಎನ್ನುವುದು ನನ್ನ ಅಭಿಪ್ರಾಯ.

ಮಳೆಗಾಲಕ್ಕೆ ವಾಟರ್‌ಪ್ರೂಫ್ ಶೂ ಒಳ್ಳೆಯದಲ್ಲವೇ?

ಕೇಳಿದವರೆಲ್ಲರಿಗೂ ಬೇಡವೆಂದೇ ಹೇಳುತ್ತ ಬಂದಿದ್ದೇನೆ. ಗೋರ್‌ಟೆಕ್ಸ್‌ನಂಥ ಪದರವಿರುವ ಶೂ ಹಿಮ ಬೀಳುವ, ತುಂತುರು ಮಳೆಯ ದೇಶಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಮಳೆ ತುಂತುರಲ್ಲ. ಮೊಣಕಾಲಿನಿಂದ ಇಳಿದ ನೀರು ಕಾಲರಿನ ಮೂಲಕ ಒಳಗೆ ಹೋಗುತ್ತದೆ, ಹಳ್ಳ ದಾಟುವಾಗ ಮೇಲಿನಿಂದಲೇ ತುಂಬುತ್ತದೆ. ಹೊರಗಿನ ನೀರನ್ನು ತಡೆಯುವ ಪದರ ಒಳಗಿನ ನೀರನ್ನೂ ಹೊರಗೆ ಬಿಡುವುದಿಲ್ಲ. ಆಮೇಲೆ ಓಟ ಮುಗಿಯುವವರೆಗೂ ಕೊಡದಲ್ಲಿ ಕಾಲಿಟ್ಟುಕೊಂಡು ಓಡಿದಂತೆ. ಪಾದದ ಚರ್ಮ ನೆನೆದು ಸುಕ್ಕುಗಟ್ಟಿ ಬೊಬ್ಬೆ ಏಳುತ್ತದೆ. ತೂಕವೂ ಹೆಚ್ಚು, ಬೆಲೆಯೂ ಹೆಚ್ಚು, ಬೇಸಿಗೆಯಲ್ಲಿ ಸೆಕೆ ಬೇರೆ.

ಅಟ್ಟೆಯ ಹಲ್ಲು ಎಷ್ಟು ಆಳ ಇರಬೇಕು?

ಇದಕ್ಕೆ ಉತ್ತರ ನೀವು ಓಡುವ ನೆಲದಲ್ಲಿದೆ. ಆದ್ದರಿಂದ ನೆಲದಿಂದ ನೆಲಕ್ಕೆ ಹೇಳುತ್ತೇನೆ.

ಮಲೆನಾಡಿನ ತೋಟದ ದಾರಿ, ಮಳೆಗಾಲ: 5ರಿಂದ 6 ಮಿ.ಮೀ. ಹಲ್ಲು ಬೇಕು, ಹಲ್ಲುಗಳ ನಡುವೆ ಅಂತರವೂ ಬೇಕು. ಒತ್ತೊತ್ತಾಗಿದ್ದರೆ ನಡುವೆ ಕೆಸರು ಕೂತು ಅಟ್ಟೆ ಸಪಾಟಾಗುತ್ತದೆ. ಶೂ ತಿರುಗಿಸಿ ನೋಡಿದಾಗ ಮುಂದಿನ ಹಲ್ಲುಗಳು ಒಂದು ದಿಕ್ಕಿಗೂ ಹಿಮ್ಮಡಿಯ ಹಲ್ಲುಗಳು ಎದುರು ದಿಕ್ಕಿಗೂ ಮುಖ ಮಾಡಿರುವುದು ಒಳ್ಳೆಯದು. ಮುಂದಿನವು ಏರಿಗೆ, ಹಿಂದಿನವು ಇಳಿಯುವಾಗ ತಡೆಯಲು.

ಸಾವನದುರ್ಗ, ರಾಮನಗರ, ಸ್ಕಂದಗಿರಿಯ ಒಣ ಬಂಡೆ: ಆಳದ ಹಲ್ಲು ಇಲ್ಲಿ ತೊಂದರೆಯೇ. ಬಂಡೆಗೆ ಹಲ್ಲು ನಾಟುವುದಿಲ್ಲ. ರಬ್ಬರ್ ಎಷ್ಟು ಅಗಲಕ್ಕೆ ತಾಗುತ್ತದೆಯೋ ಅಷ್ಟು ಹಿಡಿತ. 3ರಿಂದ 4 ಮಿ.ಮೀ. ಎತ್ತರದ, ತಲೆ ಅಗಲವಾದ ಹಲ್ಲು, ಮೆದು ರಬ್ಬರ್ ಇದ್ದರೆ ಶೂ ಬಂಡೆಗೆ ಅಂಟಿದಂತೆ ನಿಲ್ಲುತ್ತದೆ. ಉಗುರಿನಿಂದ ಒತ್ತಿ ನೋಡಿ, ತುಸು ತಗ್ಗಿದರೆ ಮೆದು.

ಕರಾವಳಿಯ ಮುರಕಲ್ಲು: ಉಪ್ಪುಕಾಗದ ಇದ್ದ ಹಾಗೆ. ಮೆದು ರಬ್ಬರನ್ನು ಕೆಲವೇ ತಿಂಗಳಲ್ಲಿ ತಿಂದುಹಾಕುತ್ತದೆ. ದಿನವೂ ಅಲ್ಲಿಯೇ ಓಡುವವರು ತುಸು ಗಟ್ಟಿ ರಬ್ಬರಿನದನ್ನು ಆರಿಸಬೇಕು.

ಗದಗ, ಧಾರವಾಡದ ಎರೆಮಣ್ಣು: ಒಣಗಿದ್ದಾಗ ಯಾವ ಶೂ ಆದರೂ ನಡೆಯುತ್ತದೆ. ನೆನೆದಾಗ ಯಾವುದೂ ನಡೆಯುವುದಿಲ್ಲ. ನಾಲ್ಕು ಹೆಜ್ಜೆಗೆ ಅಟ್ಟೆಯ ಅಡಿ ಒಂದು ಪದರ, ಎಂಟು ಹೆಜ್ಜೆಗೆ ಇನ್ನೊಂದು. ನೂರು ಮೀಟರ್ ಹೋಗುವಷ್ಟರಲ್ಲಿ 250 ಗ್ರಾಂ ಶೂ ಒಂದು ಕಿಲೋ ಆಗಿರುತ್ತದೆ. ಮಳೆ ಬಿದ್ದ ಮರುದಿನ ಆ ಕಡೆಯವರು ಹೊಲದ ಬದುವಿನ ಹುಲ್ಲಿನ ಮೇಲೆ ಓಡಲಿ, ಇಲ್ಲವೇ ಗುಡ್ಡದ ಕಲ್ಲುದಾರಿ ಹಿಡಿಯಲಿ. ಶೂವಿನಿಂದ ಇದಕ್ಕೆ ಪರಿಹಾರವಿಲ್ಲ.

ಹಲ್ಲಿನ ರಬ್ಬರ್ ಅಟ್ಟೆಯ ಹುಟ್ಟಿನ ಹಿಂದೆ ಒಂದು ದುಃಖದ ಸಂಗತಿ ಇದೆ. 1935ರಲ್ಲಿ ಇಟಲಿಯ ಆಲ್ಪ್ಸ್‌ನಲ್ಲಿ ಹಿಮಗಾಳಿಗೆ ಸಿಕ್ಕಿ ಆರು ಪರ್ವತಾರೋಹಿಗಳು ಸತ್ತರು. ಅವರ ಒಡನಾಡಿ ವಿಟಾಲೆ ಬ್ರಮಾನಿ, ಕಾಲಿನಲ್ಲಿದ್ದ ಪಾದರಕ್ಷೆ ಆ ಹಿಮಕ್ಕೆ ತಕ್ಕುದಾಗಿರದಿದ್ದುದೂ ಸಾವಿಗೆ ಒಂದು ಕಾರಣವೆಂದು ಕಂಡುಕೊಂಡು, ಪಿರೆಲ್ಲಿ ಟೈರು ಕಂಪನಿಯ ನೆರವಿನಿಂದ 1937ರಲ್ಲಿ ಹಲ್ಲುಗಳಿರುವ ರಬ್ಬರ್ ಅಟ್ಟೆಯನ್ನು ತಂದರು. ಅವರ ಹೆಸರನ್ನೇ ಕೂಡಿಸಿಕೊಂಡು ಹುಟ್ಟಿದ್ದು ವೈಬ್ರಮ್. ಇಂದಿಗೂ ಹಲವು ಕಂಪನಿಗಳ ಟ್ರೇಲ್ ಶೂ ಅಡಿಯಲ್ಲಿ ಕಾಣುವ ಹಳದಿ ಎಂಟುಮೂಲೆಯ ಗುರುತು ಅದೇ.

ಪಾಚಿ ಕಟ್ಟಿದ ಕಲ್ಲಿನ ಮೇಲೂ ಜಾರದ ಶೂ ಯಾವುದು?

ಅಂಥದ್ದು ಇಲ್ಲ. ಯಾರಾದರೂ ಇದೆ ಎಂದರೆ ನಂಬಬೇಡಿ. ಮೆದು ರಬ್ಬರ್ ತುಸು ವಾಸಿ, ಅಷ್ಟೇ. ಪಾಚಿ ಕಂಡಲ್ಲಿ ನಡೆಯಿರಿ. ಹಳ್ಳದಲ್ಲಿ ಕಲ್ಲಿನಿಂದ ಕಲ್ಲಿಗೆ ಹಾರುವ ಬದಲು ಕಲ್ಲುಗಳ ನಡುವಿನ ಮರಳಿನಲ್ಲಿ ಕಾಲಿಟ್ಟು ದಾಟಿ. ಕಾಲು ಹೇಗಿದ್ದರೂ ಒದ್ದೆಯೇ.

ಡ್ರಾಪ್ ಎಂದರೇನು? ಸೊನ್ನೆ ಡ್ರಾಪ್ ಒಳ್ಳೆಯದೇ?

ನಿಂತಾಗ ನಿಮ್ಮ ಹಿಮ್ಮಡಿ ಬೆರಳಿಗಿಂತ ಎಷ್ಟು ಎತ್ತರದಲ್ಲಿದೆ ಎನ್ನುವುದೇ ಡ್ರಾಪ್. 2009ರಲ್ಲಿ ಆರಂಭವಾದ ಆಲ್ಟ್ರಾ ಕಂಪನಿ ಸೊನ್ನೆ ಡ್ರಾಪ್‌ಗೆ ಹೆಸರುವಾಸಿ. ಹೋಕಾದ ಸ್ಪೀಡ್‌ಗೋಟ್‌ನದು 4ರಿಂದ 5 ಮಿ.ಮೀ., ಸಾಲೊಮನ್‌ನ ಸ್ಪೀಡ್‌ಕ್ರಾಸ್‌ನದು 10 ಮಿ.ಮೀ.

ಡ್ರಾಪ್ ಕಡಿಮೆಯಾದಷ್ಟೂ ಮೀನಖಂಡ ಮತ್ತು ಹಿಮ್ಮಡಿಯ ನರದ ಮೇಲೆ ಹೊರೆ ಹೆಚ್ಚು. ಡ್ರಾಪ್ ಹೆಚ್ಚಾದರೆ ಮೊಣಕಾಲಿನ ಮೇಲೆ. ಇದರಲ್ಲಿ ಒಳ್ಳೆಯದು, ಕೆಟ್ಟದ್ದು ಎಂಬುದಿಲ್ಲ. ನಿಮ್ಮ ಕಾಲಿಗೆ ಯಾವುದು ರೂಢಿಯಾಗಿದೆ ಎನ್ನುವುದೇ ಮುಖ್ಯ. ಇಷ್ಟು ವರ್ಷ 10 ಮಿ.ಮೀ. ರಸ್ತೆ ಶೂವಿನಲ್ಲಿ ಓಡಿದವರು ಒಮ್ಮೆಲೇ ಸೊನ್ನೆಗೆ ಇಳಿದು ನೇರವಾಗಿ ಗುಡ್ಡ ಹತ್ತಿದರೆ ಮರುದಿನ ಮೆಟ್ಟಿಲು ಇಳಿಯಲಾಗುವುದಿಲ್ಲ. ಮೊದಲ ಟ್ರೇಲ್ ಶೂಗೆ 4ರಿಂದ 8 ಮಿ.ಮೀ. ನಡುವೆ ಇರಲಿ. ಸೊನ್ನೆ ಬೇಕೇ ಬೇಕು ಎಂದಾದರೆ ವಾರಕ್ಕೊಂದು ಸಣ್ಣ ಓಟದಿಂದ ಶುರುಮಾಡಿ, ಎರಡು ಮೂರು ತಿಂಗಳು ಸಮಯ ಕೊಡಿ.

ಮೆತ್ತೆ ದಪ್ಪ ಇರಬೇಕೋ ತೆಳು ಇರಬೇಕೋ?

ದೂರದ ಓಟಕ್ಕೆ ದಪ್ಪ, ಕಲ್ಲು ಬೇರುಗಳ ಕಾಲುದಾರಿಗೆ ತೆಳು. ದಪ್ಪ ಮಿಡ್‌ಸೋಲ್ (ಅಟ್ಟೆಯ ಮೇಲಿನ ಮೆತ್ತೆಯ ಪದರ) ಅಂಗಾಲನ್ನು ಕಾಯುತ್ತದೆ, ಆದರೆ ನೆಲ ಕಾಲಿಗೆ ತಿಳಿಯುವುದಿಲ್ಲ. ಪಾದ ನೆಲದಿಂದ ಎತ್ತರದಲ್ಲಿರುವುದರಿಂದ ಹೊರಳುವ ಸಂಭವವೂ ಹೆಚ್ಚು. ಈಗ ಬರುತ್ತಿರುವ ಪೀಬಾ ಎಂಬ ಫೋಮ್ ಹಳೆಯ ಇವಿಎ ಫೋಮ್‌ಗಿಂತ ಹಗುರ, ಪುಟಿತವೂ ಹೆಚ್ಚು. ಹಾಗಾಗಿ ದಪ್ಪ ಶೂ ಎಂದರೆ ಭಾರದ ಶೂ ಎನ್ನುವ ಕಾಲ ಹೋಯಿತು. ಬೆಲೆ ಮಾತ್ರ ಅದಕ್ಕೆ ತಕ್ಕಂತೆಯೇ ಇರುತ್ತದೆ.

ಮುಳ್ಳು ಚುಚ್ಚುವುದಿಲ್ಲವೇ?

ಹಗುರ ಶೂಗಳ ನಿಜವಾದ ದೌರ್ಬಲ್ಯ ಇದು. ಬಳ್ಳಾರಿ ಜಾಲಿಯ ಮುಳ್ಳು ತೆಳು ಅಟ್ಟೆಯನ್ನು ದಾಟಿ ಬಂದದ್ದನ್ನು ನೋಡಿದ್ದೇನೆ. ಕೆಲವು ಶೂಗಳಲ್ಲಿ ಅಟ್ಟೆ ಮತ್ತು ಮೆತ್ತೆಯ ನಡುವೆ ಪ್ಲಾಸ್ಟಿಕ್‌ನ ಅಥವಾ ಕಾರ್ಬನ್ ಎಳೆಯ ತೆಳು ಹಲಗೆ ಇರುತ್ತದೆ. ಚೂಪುಗಲ್ಲಿನ ಏಟು ಅಂಗಾಲಿಗೆ ತಾಗದಂತೆ ಅದು ಹರಡುತ್ತದೆ, ಮುಳ್ಳನ್ನೂ ತಡೆಯುತ್ತದೆ. ಎಷ್ಟೋ ಶೂಗಳಲ್ಲಿ ಹಲಗೆ ಮುಂಗಾಲಿನಡಿ ಮಾತ್ರ ಇರುತ್ತದೆ ಎನ್ನುವುದು ನೆನಪಿರಲಿ. ಚಿತ್ರದುರ್ಗ, ಬಳ್ಳಾರಿ, ಕೊಪ್ಪಳದ ಕಡೆಯ ಕುರುಚಲು ಕಾಡಿನಲ್ಲಿ ಓಡುವವರು ಇಪ್ಪತ್ತು ಗ್ರಾಂ ಹೆಚ್ಚಾದರೂ ಸರಿ, ಹಲಗೆ ಇರುವುದನ್ನೇ ಕೊಳ್ಳಿ. ತೋಟದ ದಾರಿಯವರಿಗೆ ಇದರ ಅಗತ್ಯವಿಲ್ಲ.

ಅಳತೆ ಹೇಗೆ ನೋಡುವುದು? ಮಾಮೂಲಿ ಅಳತೆಯನ್ನೇ ಕೊಳ್ಳಲೇ?

ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಶೂ ಜಾರುತ್ತದೆ, ಭಾರವಾಗಿದೆ ಎಂದು ದೂರುವವರಲ್ಲಿ ಎಷ್ಟೋ ಜನರ ತೊಂದರೆ ಅಳತೆಯದು.

ಸಂಜೆ ಅಂಗಡಿಗೆ ಹೋಗಿ. ದಿನವಿಡೀ ನಿಂತು ನಡೆದ ಪಾದ ಬೆಳಿಗ್ಗೆಯದಕ್ಕಿಂತ ತುಸು ಊದಿರುತ್ತದೆ. ಓಡುವಾಗ ಇನ್ನೂ ಊದುತ್ತದೆ. ಓಡಲು ಹಾಕುವ ಕಾಲುಚೀಲವನ್ನೇ ಒಯ್ಯಿರಿ. ಎರಡೂ ಕಾಲಿಗೆ ಹಾಕಿ ಎದ್ದು ನಿಲ್ಲಿ. ಬಹಳ ಜನರ ಎರಡು ಪಾದಗಳು ಸಮ ಇರುವುದಿಲ್ಲ, ದೊಡ್ಡದಕ್ಕೆ ತಕ್ಕಂತೆ ಕೊಳ್ಳಬೇಕು. ಅತಿ ಉದ್ದದ ಬೆರಳಿನ ಮುಂದೆ ಕೈ ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ. ಕೆಲವರಿಗೆ ಉದ್ದದ್ದು ಎರಡನೆಯ ಬೆರಳು, ಅದನ್ನೂ ನೋಡಿಕೊಳ್ಳಿ.

ಆ ಜಾಗ ಯಾಕೆ ಬೇಕು ಎನ್ನುವುದು ಇಳಿಯುವಾಗ ತಿಳಿಯುತ್ತದೆ. 1,712 ಮೀಟರ್ ಎತ್ತರದ ಕುಮಾರ ಪರ್ವತದಿಂದ ಕುಕ್ಕೆಯ ಕಡೆಗೆ ಇಳಿದರೆ ಒಂದೂವರೆ ಸಾವಿರ ಮೀಟರ್‌ಗೂ ಹೆಚ್ಚು ಇಳಿತ. ಪ್ರತಿ ಹೆಜ್ಜೆಗೂ ಪಾದ ಮುಂದಕ್ಕೆ ಜಾರಿ ಬೆರಳು ಶೂವಿನ ಮೂತಿಗೆ ಗುದ್ದುತ್ತದೆ. ಮೊದಲ ಸಲ ಅರ್ಧ ಅಳತೆ ಚಿಕ್ಕ ಶೂ ಹಾಕಿ ಇಳಿದ ನನಗೆ ಎರಡೂ ಹೆಬ್ಬೆರಳಿನ ಉಗುರು ಕಪ್ಪಾಗಿ, ಎಡಗಾಲಿನದು ತಿಂಗಳ ನಂತರ ಕಿತ್ತುಬಂದಿತು. ಅಂಗಡಿಯಲ್ಲಿ ಇಳಿಜಾರು ಹಲಗೆ ಇದ್ದರೆ ಅದರ ಮೇಲೆ ಕೆಳಮುಖವಾಗಿ ನಿಂತು ಜಿಗಿಯಿರಿ. ಇಲ್ಲದಿದ್ದರೆ ಮೆಟ್ಟಿಲಿನ ಅಂಚಿನಲ್ಲಿ ಬೆರಳು ಕೆಳಕ್ಕೆ ಮಾಡಿ ನಿಂತು ನೋಡಿ. ಬೆರಳು ಮುಂದಕ್ಕೆ ತಾಗಿದರೆ ಅರ್ಧ ಅಳತೆ ದೊಡ್ಡದು ಕೇಳಿ. ಆಗ ಹಿಮ್ಮಡಿ ಮೇಲೇಳುತ್ತಿದೆ ಎನಿಸಿದರೆ ಲೇಸಿನ ಕಟ್ಟಕಡೆಯ ತೂತನ್ನು ಬಳಸಿ: ಲೇಸಿನ ತುದಿಯನ್ನು ಅದೇ ಪಕ್ಕದ ಕೊನೆಯ ತೂತಿಗೆ ತೂರಿಸಿ ಸಣ್ಣ ಕುಣಿಕೆ ಮಾಡಿ, ಎದುರಿನ ಲೇಸನ್ನು ಆ ಕುಣಿಕೆಯೊಳಗೆ ಎಳೆದು ಬಿಗಿಯಿರಿ. ಹಿಮ್ಮಡಿ ಕೂತಲ್ಲೇ ಕೂರುತ್ತದೆ.

ಯುಕೆ, ಯುಎಸ್, ಯುರೋಪ್ ಸಂಖ್ಯೆಗಳು ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ. ಪಾದವನ್ನು ಕಾಗದದ ಮೇಲಿಟ್ಟು ಗೀಟು ಹಾಕಿ ಸೆಂಟಿಮೀಟರಿನಲ್ಲಿ ಅಳೆದಿಟ್ಟುಕೊಳ್ಳಿ. ಆನ್‌ಲೈನಿನಲ್ಲಿ ಕೊಳ್ಳುವವರಿಗಂತೂ ನೆಚ್ಚಬಹುದಾದದ್ದು ಅದೊಂದೇ. ವಾಪಸು ಪಡೆಯುವ ಷರತ್ತನ್ನು ಮೊದಲೇ ಓದಿ, ಮನೆಯೊಳಗೆ ಮಾತ್ರ ಹಾಕಿ ನೋಡಿ.

ನನ್ನ ಪಾದ ಮುಂದೆ ಅಗಲ. ಯಾವ ಶೂ ಹಾಕಿದರೂ ಕಿರುಬೆರಳು ಒತ್ತುತ್ತದೆ.

ಬರಿಗಾಲಿನಲ್ಲಿ ಓಡಾಡಿ ಬೆಳೆದವರ ಪಾದ ಹಾಗೆಯೇ ಇರುತ್ತದೆ, ಅದು ಗಟ್ಟಿ ಪಾದ. ತೊಂದರೆ ಇರುವುದು ಕಿರಿದಾದ ಅಚ್ಚಿನ ಶೂವಿನಲ್ಲಿ. ಉದ್ದದಲ್ಲಿ ಒಂದು ಅಳತೆ ದೊಡ್ಡದು ಕೊಂಡು ಅಗಲ ಸರಿಮಾಡಿಕೊಳ್ಳಲು ಹೋಗಬೇಡಿ, ಹಿಮ್ಮಡಿ ಸಡಿಲವಾಗಿ ಇಳಿಜಾರಿನಲ್ಲಿ ಪಾದ ಅಲೆದಾಡುತ್ತದೆ. ಅಗಲ ಮೂತಿಯ ಅಚ್ಚು ಬಳಸುವ ಕಂಪನಿಗಳನ್ನು, ಇಲ್ಲವೇ ಅದೇ ಶೂವಿನ ಅಗಲ ಆವೃತ್ತಿಯನ್ನು ಕೇಳಿ. ಒಂದು ಸುಲಭ ಪರೀಕ್ಷೆ: ಶೂ ಒಳಗಿನ ಇನ್‌ಸೋಲ್ ಹೊರಗೆ ತೆಗೆದು ಅದರ ಮೇಲೆ ನಿಲ್ಲಿ. ಪಾದ ಅಂಚಿನಿಂದ ಹೊರಗೆ ಚೆಲ್ಲಿದರೆ ಆ ಶೂ ನಿಮ್ಮದಲ್ಲ.

ಹೆಂಗಸರ ಶೂ ಬೇರೆಯೇ ಇರಬೇಕೇ?

ಹಿಮ್ಮಡಿ ಕಿರಿದಾಗಿದ್ದು ಮುಂಗಾಲು ಅಗಲವಿದ್ದರೆ ಹೆಂಗಸರ ಅಚ್ಚಿನದು ಚೆನ್ನಾಗಿ ಹೊಂದುತ್ತದೆ. ಇಲ್ಲವಾದರೆ ಕಾಲಿಗೆ ಸರಿಹೋಗುವ ಯಾವುದಾದರೂ ಸರಿ. ನಮ್ಮ ಗುಂಪಿನ ಇಬ್ಬರು ಹೆಣ್ಣುಮಕ್ಕಳು ಗಂಡಸರ ವಿಭಾಗದಿಂದಲೇ ಕೊಂಡಿದ್ದಾರೆ.

ಎತ್ತರದ ಟ್ರೆಕ್ಕಿಂಗ್ ಬೂಟು ಹಾಕಿದರೆ ಕಾಲು ಉಳುಕುವುದಿಲ್ಲವಂತೆ, ನಿಜವೇ?

ಹೊರೆ ಹೊತ್ತು ನಡೆಯುವವರಿಗೆ ಬೂಟು ಆಸರೆ. ಓಡುವವರಿಗೆ ಅದು ಭಾರ. ಕಾಲು ಉಳುಕದಂತೆ ಕಾಯುವುದು ಕಾಲಿನದೇ ಬಲ ಮತ್ತು ಎಚ್ಚರದ ಹೆಜ್ಜೆ. ದಿನಾ ಹಲ್ಲುಜ್ಜುವಾಗ ಒಂಟಿಕಾಲಿನಲ್ಲಿ ನಿಲ್ಲಿ, ಎರಡು ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ.

ಇಂಬಳ ಹತ್ತುವುದನ್ನು ತಡೆಯುವ ಶೂ ಇದೆಯೇ?

ಶೂ ಒಂದೇ ತಡೆಯಲಾರದು, ಆದರೆ ಕಡಿಮೆ ಮಾಡಬಹುದು. ಇಂಬಳ ಒಳಗೆ ಬರುವ ದಾರಿ ಎರಡು: ಕಾಲರ್ ಮತ್ತು ನಾಲಗೆಯ ಪಕ್ಕದ ಸಂದು. ನಾಲಗೆಯ ಎರಡೂ ಅಂಚನ್ನು ಶೂವಿನ ಮೈಗೆ ಹೊಲಿದಿರುವುದನ್ನು ಆರಿಸಿದರೆ ಎರಡನೆಯ ದಾರಿ ಮುಚ್ಚಿತು. ಮರಳು, ಕಡ್ಡಿ ಕೂಡ ಒಳಗೆ ಹೋಗುವುದಿಲ್ಲ. ಮೊದಲನೆಯದಕ್ಕೆ ಒತ್ತಾಗಿ ನೇಯ್ದ, ಮೊಣಕಾಲುದ್ದದ ಕಾಲುಚೀಲ. ಹೊಗೆಸೊಪ್ಪು ನೆನೆಸಿದ ನೀರನ್ನೋ ಬೇವಿನೆಣ್ಣೆಯನ್ನೋ ಕಾಲುಚೀಲಕ್ಕೆ ಸವರಿಕೊಳ್ಳುವ ರೂಢಿ ತೋಟದ ಕೆಲಸದವರಲ್ಲಿದೆ, ಮಳೆ ಜೋರಾದರೆ ತೊಳೆದುಹೋಗುತ್ತದೆ. ಓಡುತ್ತಿರುವವರಿಗಿಂತ ನಿಂತವರಿಗೇ ಇಂಬಳ ಹೆಚ್ಚು. ಫೋಟೊ ತೆಗೆಯುವುದಾದರೆ ಎಲೆ ಬಿದ್ದ ಜಾಗದಲ್ಲಿ ನಿಲ್ಲದೆ ಬಂಡೆಯ ಮೇಲೆ ನಿಲ್ಲಿ. ಕಚ್ಚಿದ ಮೇಲೆ ರಕ್ತ ಬೇಗ ನಿಲ್ಲದಿದ್ದರೆ ಹೆದರಬೇಡಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಜೊಲ್ಲಿನಲ್ಲಿದೆ. ಚೊಕ್ಕ ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತದೆ.

ಎಷ್ಟು ಖರ್ಚು ಮಾಡಬೇಕು?

ಡೆಕಾಥ್ಲಾನ್‌ನಂಥ ಮಳಿಗೆಯಲ್ಲಿ ನಾಲ್ಕೈದು ಸಾವಿರ ರೂಪಾಯಿಗೆ ಓಡಲು ಯೋಗ್ಯವಾದ ಟ್ರೇಲ್ ಶೂ ಸಿಗುತ್ತದೆ. ಹೊರದೇಶದ ಹೆಸರಾಂತ ಕಂಪನಿಗಳದು ಹತ್ತು ಸಾವಿರದಿಂದ ಮೇಲಕ್ಕೆ. ಮೊದಲ ವರ್ಷ ಹತ್ತು ಸಾವಿರ ಕೊಡಬೇಡಿ ಎಂದೇ ನನ್ನ ಸಲಹೆ. ನಿಮ್ಮ ಕಾಲಿಗೆ ಏನು ಬೇಕು ಎನ್ನುವುದು ನಿಮಗೇ ಇನ್ನೂ ತಿಳಿದಿರುವುದಿಲ್ಲ; ಮೊದಲ ಜೊತೆ ಅದನ್ನು ಕಲಿಸುತ್ತದೆ. ದುಬಾರಿ ಶೂ ಹಳೆಯ ಮಾದರಿಯಾದಾಗ ಬೆಲೆ ಗಣನೀಯವಾಗಿ ಇಳಿಯುತ್ತದೆ, ಅದಕ್ಕೆ ಕಾಯುವುದು ಜಾಣತನ. ಉಳಿದ ಹಣದಲ್ಲಿ ಎರಡು ಜೊತೆ ಒಳ್ಳೆಯ ಕಾಲುಚೀಲ ಕೊಳ್ಳಿ. ಹತ್ತಿಯದು ಬೇಡ, ನೆನೆದು ಬೊಬ್ಬೆ ತರಿಸುತ್ತದೆ.

ಒಂದು ಜೊತೆ ಎಷ್ಟು ಕಿಲೋಮೀಟರ್ ಬಾಳುತ್ತದೆ?

ಸಾಮಾನ್ಯ ಟ್ರೇಲ್ ಶೂ 500ರಿಂದ 800 ಕಿ.ಮೀ., ಹಗುರವಾದದ್ದು ಅದಕ್ಕಿಂತ ಕಡಿಮೆ. ಹಲ್ಲು ಅರ್ಧಕ್ಕೆ ಸವೆದರೆ ಮಳೆಗಾಲಕ್ಕೆ ಆಗದು. ಮೆತ್ತೆ ಸತ್ತಿದೆಯೋ ಎಂದು ತಿಳಿಯಲು ಮಿಡ್‌ಸೋಲ್‌ನ ಪಕ್ಕ ನೋಡಿ: ಸುಕ್ಕುಗಳು ಒತ್ತೊತ್ತಾಗಿ ಮೂಡಿ, ಹೆಬ್ಬೆರಳಿನಿಂದ ಒತ್ತಿದರೆ ಪುಟಿಯದಿದ್ದರೆ ಅದರ ಆಯಸ್ಸು ಮುಗಿದಿದೆ. ಡಾಂಬರು ರಸ್ತೆಯಲ್ಲಿ ಓಡಿದರೆ ಹಲ್ಲು ಬೇಗ ಸವೆಯುತ್ತದೆ. ಮನೆಯಿಂದ ಕಾಡುದಾರಿಗೆ ಐದು ಕಿಲೋಮೀಟರ್ ಡಾಂಬರು ಇದ್ದರೆ ಬೈಕಿನಲ್ಲಿ ಹೋಗಿ.

ಮಳೆಗಾಲದಲ್ಲಿ ಶೂ ಒಣಗುವುದೇ ಇಲ್ಲ. ಏನು ಮಾಡಲಿ?

ಏನು ಮಾಡಬಾರದು ಎನ್ನುವುದನ್ನು ಮೊದಲು ಹೇಳುತ್ತೇನೆ. ಒಂದು ಜುಲೈನಲ್ಲಿ, ಮೂರು ದಿನವಾದರೂ ಒಣಗದ ಶೂವನ್ನು ಬಚ್ಚಲ ಒಲೆಯ ಕಟ್ಟೆಯ ಮೇಲಿಟ್ಟು ಮಲಗಿದೆ. ಹಂಡೆಯ ನೀರು ಕಾಯುವ ಬಿಸಿ, ಬೆಂಕಿಯೇನೂ ತಾಗುವುದಿಲ್ಲವಲ್ಲ ಎಂದುಕೊಂಡಿದ್ದೆ. ಬೆಳಿಗ್ಗೆ ನೋಡಿದರೆ ಅಟ್ಟೆ ಮುಂದೆ ಎರಡು ಬೆರಳಗಲ ಬಾಯಿ ಬಿಟ್ಟಿತ್ತು, ಇನ್‌ಸೋಲಿನ ಅಂಚು ಹಪ್ಪಳದಂತೆ ಸುರುಳಿಯಾಗಿತ್ತು, ಕಾಲು ಹಾಕಿದರೆ ಅರ್ಧ ಅಳತೆ ಚಿಕ್ಕದಾಗಿತ್ತು. ಬಿಸಿಗೆ ಅಂಟು ಬಿಡುತ್ತದೆ, ಫೋಮ್ ಕುಗ್ಗುತ್ತದೆ. ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ ಬಿಟ್ಟರೂ ಇದೇ ಗತಿ.

ಓಟ ಮುಗಿದ ಕೂಡಲೇ ತಣ್ಣೀರಿನಲ್ಲಿ ಕೆಸರು ತೊಳೆದುಬಿಡಿ. ಒಣಗಿದ ಕೆಸರು ಬಟ್ಟೆಯ ಎಳೆಗಳನ್ನು ಕತ್ತರಿಸುತ್ತದೆ. ಲೇಸು, ಇನ್‌ಸೋಲ್ ಹೊರಗೆ ತೆಗೆಯಿರಿ. ಒಳಗೆ ಹಳೆಯ ದಿನಪತ್ರಿಕೆ ಉಂಡೆ ಮಾಡಿ ತುರುಕಿ, ಒಂದು ಗಂಟೆ ಬಿಟ್ಟು ಬದಲಿಸಿ, ಮತ್ತೆ ಮಲಗುವ ಮೊದಲು ಬದಲಿಸಿ. ಫ್ಯಾನಿನ ಕೆಳಗೆ ಮೂತಿ ಮೇಲೆ ಮಾಡಿ ಗೋಡೆಗೆ ಒರಗಿಸಿಡಿ. ತೆಳು ಬಟ್ಟೆಯದಾದರೆ ಮರುದಿನಕ್ಕೆ ಸಿದ್ಧ. ಸ್ಪಂಜಿನದಾದರೆ ಎರಡು ದಿನವಾದರೂ ಬೇಕು, ಅಷ್ಟರಲ್ಲಿ ಬೂಷ್ಟು ಹಿಡಿದಿರುತ್ತದೆ. ಸ್ಪಂಜು ಕಡಿಮೆ ಇರಲಿ ಎಂದು ಇಷ್ಟು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಬರಿಗಾಲಿನಲ್ಲೇ ಓಡಿದರೆ? ಅದಕ್ಕಿಂತ ಹಗುರ ಯಾವುದಿದೆ!

ಕಂಬಳದ ಓಟಗಾರರು ಕೆಸರುಗದ್ದೆಯಲ್ಲಿ ಬರಿಗಾಲಿನಲ್ಲಿ ಕೋಣಗಳ ಹಿಂದೆ ಓಡುವುದನ್ನು ನೋಡಿದವರಿಗೆ ಈ ಪ್ರಶ್ನೆ ಸಹಜ. ಆ ಕಾಲುಗಳು ಚಿಕ್ಕಂದಿನಿಂದ ನೆಲ ತುಳಿದು ಬೆಳೆದವು, ಕಂಬಳದ ಗದ್ದೆಯಲ್ಲಿ ಕಲ್ಲು ಮುಳ್ಳು ಇಲ್ಲದಂತೆ ನೋಡಿಕೊಂಡಿರುತ್ತಾರೆ. ಶೂ ಹಾಕಿ ಬೆಳೆದ ಅಂಗಾಲಿಗೆ ಮರ ಕಡಿದ ಕೂಳೆ, ಗಾಜಿನ ಚೂರು ಇರುವ ದಾರಿ ತಕ್ಕುದಲ್ಲ. ಹುಲ್ಲಿನ ಮೈದಾನದಲ್ಲಿ ವಾರಕ್ಕೆ ಹತ್ತು ನಿಮಿಷ ಬರಿಗಾಲಿನಲ್ಲಿ ಓಡಿ. ಪಾದ ಗಟ್ಟಿಯಾಗುತ್ತದೆ, ಯಾವ ಹಗುರ ಶೂ ಹಾಕಿದರೂ ಆ ಬಲ ಕೆಲಸಕ್ಕೆ ಬರುತ್ತದೆ.

ಮುಂದಿನ ವಾರ ಸ್ಪರ್ಧೆ ಇದೆ. ಹೊಸ ಶೂ ಕೊಂಡಿದ್ದೇನೆ.

ಹಳೆಯದರಲ್ಲೇ ಓಡಿ. ಹೊಸದಕ್ಕೆ ಕನಿಷ್ಠ 40ರಿಂದ 50 ಕಿಲೋಮೀಟರ್ ಓಟ ಬೇಕು, ಅದರಲ್ಲಿ ಒಂದು ಉದ್ದದ ಇಳಿತ, ಒಂದು ಒದ್ದೆ ಓಟ ಇರಲೇಬೇಕು. ಚಿಕ್ಕಮಗಳೂರಿನ ತೋಟಗಳ ನಡುವೆ ನಡೆಯುವ ಮಲ್ನಾಡ್ ಅಲ್ಟ್ರಾದಂಥ ದೂರದ ಓಟಕ್ಕೆ ಹೋಗುವವರಂತೂ ಮೂರು ತಾಸಿನ ಓಟ ಒಂದನ್ನಾದರೂ ಆ ಶೂವಿನಲ್ಲಿ ಮುಗಿಸಿರಬೇಕು. ಎರಡು ತಾಸಿನವರೆಗೆ ಸುಮ್ಮನಿದ್ದ ಹೊಲಿಗೆ ಮೂರನೆಯ ತಾಸಿಗೆ ಕಾಲು ಕೊರೆಯತೊಡಗುತ್ತದೆ.

ಹಳೆಯ ಶೂ ಏನು ಮಾಡಲಿ? ತೋಟದ ಕೆಲಸದವರಿಗೆ ಕೊಡಬಹುದೇ?

ಹಲ್ಲು ಸವೆದದ್ದನ್ನು ಕೊಡಬೇಡಿ. ಕಾಫಿ ಮೂಟೆ ಹೊತ್ತು ಒದ್ದೆ ಇಳಿಜಾರಿನಲ್ಲಿ ಇಳಿಯುವವರಿಗೆ ನಮಗಿಂತ ಹೆಚ್ಚಿನ ಹಿಡಿತ ಬೇಕು. ಅಂಥದ್ದನ್ನು ಮನೆಯ ಅಂಗಳಕ್ಕೆ, ಬೈಕ್ ತೊಳೆಯಲು ಇಟ್ಟುಕೊಳ್ಳಿ. ಅಳತೆ ತಪ್ಪಿದ್ದರಿಂದ ಬಳಸದೆ ಬಿಟ್ಟ, ಹಲ್ಲು ಇನ್ನೂ ಚೂಪಾಗಿರುವ ಜೊತೆ ಇದ್ದರೆ ನಮ್ಮ ಗುಂಪಿಗೆ ತನ್ನಿ. ಓಟ ಶುರುವಾಗುವ ಗೇಟಿನ ಬಳಿ ಒಂದು ಮರದ ಪೆಟ್ಟಿಗೆ ಇಟ್ಟಿದ್ದೇವೆ, ಅಳತೆ ಬರೆದ ಚೀಟಿ ಕಟ್ಟಿ ಅದರಲ್ಲಿ ಹಾಕಿ. ಹೊಸದಾಗಿ ಬರುವವರು ಮೊದಲ ತಿಂಗಳು ಅದರಿಂದಲೇ ಓಡುತ್ತಾರೆ.